ಬಾಡಿಗೆಗೆ ಸಿಗುವ ಮನೆ ವಿಳಾಸ: ಹೋಸ್ಟಿಂಗ್, ಡೊಮೇನ್ ಮತ್ತು ರೆಸಿಡೆನ್ಶಿಯಲ್ ಪ್ರಾಕ್ಸಿ

ನಾನು ರಾಯಚೂರು ಜಿಲ್ಲೆಯವನು. ಎಂಟೆಕ್ ಮುಗಿಸಿ ಹೈದರಾಬಾದಿಗೆ ಬಂದು ಹತ್ತು ವರ್ಷದ ಮೇಲಾಯ್ತು, ನೆಟ್‌ವರ್ಕ್ ಸಾಫ್ಟ್‌ವೇರ್ ಬರೆಯೋದು ನನ್ನ ಕೆಲಸ.

ಇವತ್ತಿನ ವಿಷಯ ರೆಸಿಡೆನ್ಶಿಯಲ್ ಪ್ರಾಕ್ಸಿ. ಈ ವಿಷಯ ಯಾಕೆ ಅಂದ್ರೆ, ನಮ್ಮ ಊರ ಕಡೆಯ ಒಬ್ಬ ಹುಡುಗ ಇದಾನೆ. ಬಟ್ಟೆ ಅಂಗಡಿ, ಕೋಚಿಂಗ್ ಸೆಂಟರ್, ಜೋಳದ ರೊಟ್ಟಿ ಮಾಡಿ ಪಾರ್ಸೆಲ್ ಕಳಿಸೋ ಮಹಿಳಾ ಸಂಘ, ಇಂಥ ಮೂವತ್ತು ನಲವತ್ತು ಸೈಟ್‌ಗಳನ್ನ ಒಬ್ಬನೇ ನೋಡ್ಕೋತಾನೆ. ಹೋದ ತಿಂಗಳು ಫೋನ್ ಮಾಡಿದ್ದ. “ಅಣ್ಣಾ, ಸೈಟ್ ಹೋಸ್ಟ್ ಮಾಡಾಕ, ಡೊಮೇನ್ ಎಲ್ಲಾ ನೋಡ್ಕೊಳ್ಳಾಕ ರೆಸಿಡೆನ್ಶಿಯಲ್ ಪ್ರಾಕ್ಸಿ ಪ್ಯಾಕೇಜ್ ತಗೊಂಡ್ರ ಚಲೋ ಅಂತ ಒಬ್ರು ಹೇಳ್ಯಾರ. ಜಿಬಿ ಲೆಕ್ಕದಾಗ ರೊಕ್ಕ. ತಗೊಳ್ಳೇನು?”

ಅವನಿಗೆ ಹೇಳಿದ್ದನ್ನೇ ಇವತ್ತು ಸ್ವಲ್ಪ ಬಿಡಿಸಿ ನಿಮ್ಮ ಮುಂದೆ ಇಡ್ತೀನಿ. ತಾತ್ಪರ್ಯ ಮೊದಲೇ ಹೇಳಿಬಿಡ್ತೀನಿ. ಹೋಸ್ಟಿಂಗ್‌ಗೆ ಇದು ಕೆಲಸಕ್ಕೆ ಬರೋದಿಲ್ಲ. ಡೊಮೇನ್ ನೋಡ್ಕೊಳ್ಳೋಕೆ ಇದು ಬೇಕಾಗೋದಿಲ್ಲ. ಮತ್ತೆ, ಆ ಪ್ಯಾಕೇಜಿನಲ್ಲಿ ಮಾರಾಟ ಆಗ್ತಿರೋದು ಯಾರದೋ ಮನೆಯ ಒಳ್ಳೆ ಹೆಸರು. ಆ ಮನೆ ಊರಲ್ಲಿರೋ ನಿಮ್ಮ ಅಪ್ಪ ಅಮ್ಮನದೇ ಆಗಿರಬಹುದು.

ಫ್ಯಾಮಿಲಿನಾ, ಬ್ಯಾಚುಲರ್ಸಾ?

ಹೈದರಾಬಾದಿನಲ್ಲಿ ಮನೆ ಹುಡುಕಿದವರಿಗೆಲ್ಲ ಈ ಅನುಭವ ಇರುತ್ತೆ. ಕೂಕಟ್‌ಪಲ್ಲಿ, ಮಾದಾಪುರ, ಕೊಂಡಾಪುರ, ಎಲ್ಲಿ ಹೋದ್ರೂ ಗೇಟಿಗೆ ಟು-ಲೆಟ್ ಬೋರ್ಡು. ಬೆಲ್ ಒತ್ತಿದ್ರೆ ಓನರ್ ಕೇಳೋ ಮೊದಲ ಪ್ರಶ್ನೆ, “ಫ್ಯಾಮಿಲಿನಾ, ಬ್ಯಾಚುಲರ್ಸಾ?” ನೀವು ಎಂಥ ಮನುಷ್ಯ, ಬಾಡಿಗೆ ಸರಿಯಾಗಿ ಕಟ್ತೀರಾ, ಅದೆಲ್ಲ ಆಮೇಲೆ. ಬ್ಯಾಚುಲರ್ ಅಂದ ಕೂಡ್ಲೇ ಮುಖ ತಿರುಗಿತು.

ಇಂಟರ್ನೆಟ್ಟಿನಲ್ಲೂ ಹೀಗೇ ನಡೆಯುತ್ತೆ. ನಿಮ್ಮ ರಿಕ್ವೆಸ್ಟ್ ಒಂದು ವೆಬ್‌ಸೈಟಿನ ಬಾಗಿಲಿಗೆ ಬಂದಾಗ ಅದು ಮೊದಲು ನೋಡೋದು ನಿಮ್ಮ ಐಪಿ ಅಡ್ರೆಸ್. ಹಳೆಯ ಐಪಿವಿ4 ಪದ್ಧತಿಯಲ್ಲಿ ಇರೋದೇ ಸುಮಾರು 429 ಕೋಟಿ ವಿಳಾಸ. ಜಗತ್ತಿನ ಮಟ್ಟದಲ್ಲಿ ಹಂಚೋಕೆ ಉಳಿದಿದ್ದ ಕೊನೆಯ ದೊಡ್ಡ ಕಂತುಗಳು 2011ರ ಫೆಬ್ರವರಿ 3ಕ್ಕೆ ಮುಗಿದವು. ನಮ್ಮ ಏಷ್ಯಾ ಪೆಸಿಫಿಕ್ ಭಾಗಕ್ಕೆ ಅದೇ ವರ್ಷ ಏಪ್ರಿಲ್ 15ರಿಂದ ಪಡಿತರದ ಲೆಕ್ಕದಲ್ಲಿ ಹಂಚಿಕೆ ಶುರುವಾಯ್ತು. ಯಾವ ಕಂತು ಯಾರ ಹತ್ರ ಇದೆ ಅನ್ನೋದು ಸಾರ್ವಜನಿಕ ದಾಖಲೆ. ಇದು ಕ್ಲೌಡ್ ಕಂಪನಿಯದು, ಇದು ಬ್ರಾಡ್‌ಬ್ಯಾಂಡ್ ಕಂಪನಿಯದು ಅಂತ ಕ್ಷಣದಲ್ಲಿ ಗೊತ್ತಾಗುತ್ತೆ.

ಕ್ಲೌಡ್ ಸರ್ವರ್‌ನಿಂದ ಬಂದ್ರೆ ‘ಇದು ಬಾಟ್ ಇರಬೇಕು’ ಅಂತ ಅನುಮಾನ. ಕ್ಯಾಪ್ಚಾ ಕೊಡು, ಇಲ್ಲ ಬಾಗಿಲು ಹಾಕು. ಮನೆಯ ಬ್ರಾಡ್‌ಬ್ಯಾಂಡಿನಿಂದ ಬಂದ್ರೆ ‘ಫ್ಯಾಮಿಲಿ, ಒಳಗೆ ಬನ್ನಿ’. ಆ ಮರ್ಯಾದೆಗೆ ಒಂದು ಬೆಲೆ ಇದೆ. ಅದನ್ನ ಜಿಬಿ ಲೆಕ್ಕದಲ್ಲಿ ಮಾರೋದೇ ರೆಸಿಡೆನ್ಶಿಯಲ್ ಪ್ರಾಕ್ಸಿ. ಯಾರದೋ ಫ್ಯಾಮಿಲಿ ಫೋಟೋ ಹಿಡ್ಕೊಂಡು ಬ್ಯಾಚುಲರ್ ಹೋಗಿ ಬೆಲ್ ಒತ್ತಿದ ಹಾಗೆ.

ಒಳಗೆ ನಡೆಯೋದು ಏನು?

ನೀವು ಕಳಿಸೋ ರಿಕ್ವೆಸ್ಟ್ ಮೊದಲು ಪ್ರಾಕ್ಸಿ ಕಂಪನಿಯ ಗೇಟ್‌ವೇ ಸರ್ವರಿಗೆ ಹೋಗುತ್ತೆ. ಅಲ್ಲಿಂದ ಯಾವುದೋ ಮನೆಯ ಫೋನಿಗೋ ಲ್ಯಾಪ್‌ಟಾಪಿಗೋ ಟಿವಿ ಬಾಕ್ಸಿಗೋ ದಾಟುತ್ತೆ. ಆ ಮನೆಯ ಕನೆಕ್ಷನ್ನಿನಿಂದ ವೆಬ್‌ಸೈಟಿಗೆ ಹೋಗುತ್ತೆ, ಉತ್ತರವೂ ಅದೇ ದಾರಿಯಲ್ಲಿ ವಾಪಸ್. ನಿಮ್ಮಲ್ಲಿ ಕೆಲವರು ಕೇಳಬಹುದು: ಮನೆಯ ಸಾಧನ ರೂಟರ್ ಹಿಂದೆ ಇರುತ್ತಲ್ಲ, ಹೊರಗಿನವರು ಅದನ್ನ ಹೇಗೆ ಮುಟ್ತಾರೆ? ಮುಟ್ಟೋದಿಲ್ಲ. ಆ ಸಾಧನದೊಳಗಿನ ಸಾಫ್ಟ್‌ವೇರೇ ಮೊದಲು ಗೇಟ್‌ವೇಗೆ ಕರೆ ಮಾಡಿ ಲೈನ್ ತೆರೆದಿಟ್ಟು ಕಾಯ್ತಾ ಇರುತ್ತೆ. ಕೆಲಸ ಬಂದಾಗ ಅದೇ ಲೈನಿನಲ್ಲಿ ಬರುತ್ತೆ. ರೂಟರಿನ ಫೈರ್‌ವಾಲ್ ಒಳಗಿನಿಂದ ಶುರುವಾದ ಮಾತನ್ನ ತಡೆಯಲ್ಲ.

ಇದರ ಟೆಲಿಫೋನ್ ರೂಪ ನಮಗೆ ಮೊದಲೇ ಗೊತ್ತು: ಸಿಮ್ ಬಾಕ್ಸ್. 2021ರ ಜೂನಿನಲ್ಲಿ ಬೆಂಗಳೂರಿನಲ್ಲಿ ಸೇನಾ ಗುಪ್ತಚರ ವಿಭಾಗ ಮತ್ತು ಸಿಸಿಬಿ ಪೊಲೀಸರು ಸೇರಿ ಒಂದು ಅಕ್ರಮ ಟೆಲಿಫೋನ್ ಎಕ್ಸ್‌ಚೇಂಜ್ ಹಿಡಿದರು. 32 ಸಿಮ್ ಬಾಕ್ಸ್‌ಗಳು, ಏಕಕಾಲಕ್ಕೆ 960 ಸಿಮ್ ಓಡಿಸೋ ವ್ಯವಸ್ಥೆ. ವಿದೇಶದಿಂದ ಇಂಟರ್ನೆಟ್ ಮೂಲಕ ಬಂದ ಕರೆ ಇಲ್ಲಿ ಲೋಕಲ್ ಮೊಬೈಲ್ ಕರೆಯಾಗಿ ಬದಲಾಗ್ತಿತ್ತು. ಫೋನ್ ಎತ್ತಿದವರಿಗೆ ಕಾಣೋದು ಪಕ್ಕದ ಬೀದಿಯ ನಂಬರು. ರೆಸಿಡೆನ್ಶಿಯಲ್ ಪ್ರಾಕ್ಸಿ ಮಾಡೋದೂ ಇದನ್ನೇ. ವ್ಯತ್ಯಾಸ ಒಂದು: ಸಿಮ್ ಬಾಕ್ಸ್ ದಂಧೆಯವನು ತಾನೇ ರೂಮು ಬಾಡಿಗೆಗೆ ತಗೊಂಡು ಸಿಮ್ ತಂದು ಜೋಡಿಸಬೇಕಿತ್ತು. ಇಲ್ಲಿ ರೂಮು, ಕರೆಂಟು, ಬ್ರಾಡ್‌ಬ್ಯಾಂಡ್ ಬಿಲ್ಲು ಎಲ್ಲ ನಿಮ್ಮದು. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗೆ.

ಹೋಸ್ಟಿಂಗ್‌ಗೆ ಯಾಕೆ ಬರೋದಿಲ್ಲ?

‘ಪ್ರಾಕ್ಸಿ’ ಅನ್ನೋ ಒಂದೇ ಪದ ಮೂರು ಬೇರೆ ಬೇರೆ ವಸ್ತುಗಳಿಗೆ ಇದೆ. ಗೊಂದಲ ಶುರುವಾಗೋದೇ ಅಲ್ಲಿ.

ಒಂದು, ಫಾರ್ವರ್ಡ್ ಪ್ರಾಕ್ಸಿ. ನೀವು ಹೊರಗೆ ಹೋಗೋವಾಗ ನಿಮ್ಮ ಪರವಾಗಿ ಹೋಗೋದು. ರೆಸಿಡೆನ್ಶಿಯಲ್ ಪ್ರಾಕ್ಸಿ ಈ ಜಾತಿಯದು. ಎರಡು, ರಿವರ್ಸ್ ಪ್ರಾಕ್ಸಿ. ನಿಮ್ಮ ಸೈಟಿಗೆ ಬರೋರನ್ನ ಬಾಗಿಲಲ್ಲಿ ಎದುರುಗೊಂಡು ಒಳಗಿನ ಸರ್ವರಿಗೆ ಕಳಿಸೋದು. ಎಂಜಿನ್‌ಎಕ್ಸ್, ಕ್ಯಾಡಿ, ಕ್ಲೌಡ್‌ಫ್ಲೇರ್ ಈ ಕೆಲಸ ಮಾಡ್ತವೆ. ಹೋಸ್ಟಿಂಗ್‌ಗೆ ಬೇಕಾಗೋದು ಇದು. ಮೂರನೇದು ಡೊಮೇನ್ ಲೋಕದ ಪ್ರಾಕ್ಸಿ: ಮಾಲೀಕರ ಹೆಸರು ಕಾಣದ ಹಾಗೆ ಬೇರೆ ಸಂಸ್ಥೆಯ ಹೆಸರಲ್ಲಿ ನೋಂದಾಯಿಸೋ ಸೇವೆ. ಇದಕ್ಕೂ ನೆಟ್‌ವರ್ಕಿಗೂ ಸಂಬಂಧವೇ ಇಲ್ಲ. ಮಾರೋರು ಮೂರನ್ನೂ ಒಂದೇ ಚೀಲಕ್ಕೆ ತುಂಬಿ ಕೊಡ್ತಾರೆ.

ಈಗ ಯೋಚನೆ ಮಾಡಿ. ಹೋಸ್ಟಿಂಗ್ ಅಂದ್ರೆ ಜನ ನಿಮ್ಮ ಹತ್ರ ಬರಬೇಕು. ಅದಕ್ಕೆ ಡಿಎನ್‌ಎಸ್‌ನಲ್ಲಿ ‘ಈ ಹೆಸರಿನವರು ಈ ವಿಳಾಸದಲ್ಲಿ ಸಿಗ್ತಾರೆ’ ಅಂತ ಬರೆದಿಡಬೇಕು. ರೆಸಿಡೆನ್ಶಿಯಲ್ ಪ್ರಾಕ್ಸಿಯ ವಿಳಾಸ ನಿಮಿಷಕ್ಕೊಂದು ಬದಲಾಗುತ್ತೆ. ಸ್ಟಿಕಿ ಸೆಶನ್ ಅಂತ ಕೊಂಡರೂ, ಆ ಮನೆಯವರು ಫೋನ್ ಜೇಬಿಗೆ ಹಾಕ್ಕೊಂಡು ಹೊರಗೆ ಹೋದ್ರೆ ಮುಗೀತು. ಅದಕ್ಕಿಂತ ಮುಖ್ಯವಾಗಿ, ಆ ಲೈನು ಹೊರಹೋಗೋಕೆ ಮಾತ್ರ. ಆ ಮನೆಯ 443ನೇ ಪೋರ್ಟಿಗೆ ಯಾರೋ ಬಂದು ಬಾಗಿಲು ತಟ್ಟಿದ್ರೆ ತೆಗೆಯೋರು ಇಲ್ಲ. ಮೊಬೈಲ್ ನೆಟ್‌ವರ್ಕು ಮತ್ತು ಎಷ್ಟೋ ಬ್ರಾಡ್‌ಬ್ಯಾಂಡುಗಳಲ್ಲಿ ಕ್ಯಾರಿಯರ್ ಗ್ರೇಡ್ ನ್ಯಾಟ್ ಇರುತ್ತೆ, ಅಂದ್ರೆ ಒಂದೇ ಐಪಿವಿ4 ವಿಳಾಸದ ಹಿಂದೆ ತುಂಬಾ ಮನೆಗಳು. ಅಪಾರ್ಟ್‌ಮೆಂಟಿನ ಹೆಸರು ಗೊತ್ತು, ಫ್ಲ್ಯಾಟ್ ನಂಬರ್ ಗೊತ್ತಿಲ್ಲ ಅನ್ನೋ ಸ್ಥಿತಿ. ಕೊರಿಯರ್ ಹುಡುಗ ಗೇಟಲ್ಲೇ ನಿಲ್ತಾನೆ.

ಮೇಲ್ ಸರ್ವರ್ ಅಂತೂ ಬೇಡವೇ ಬೇಡ. ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಾಲಿಸಿ ಬ್ಲಾಕ್ ಲಿಸ್ಟ್ ಅಂತ ಒಂದು ಪಟ್ಟಿ ಇದೆ. ಮನೆ ಕನೆಕ್ಷನ್ನುಗಳ ವಿಳಾಸಗಳು ನೇರವಾಗಿ ಮೇಲ್ ಕಳಿಸಬಾರದು ಅನ್ನೋ ಲೆಕ್ಕದಲ್ಲಿ ಅಂಥ ವಿಳಾಸಗಳನ್ನೇ ಅದರಲ್ಲಿ ಸೇರಿಸಿರ್ತಾರೆ. ವೆಬ್‌ಸೈಟಿನ ಬಾಗಿಲಲ್ಲಿ ಮರ್ಯಾದೆ ಸಿಗೋ ವಿಳಾಸಕ್ಕೆ ಮೇಲ್ ಬಾಗಿಲಲ್ಲಿ ಪ್ರವೇಶವೇ ಇಲ್ಲ.

ಹಾಗಾದ್ರೆ ಸರಿಯಾದ ದಾರಿ ಏನು? ಸಣ್ಣ ಅಂಗಡಿಯ ಸೈಟಿಗೆ ಒಂದು ಸಾಧಾರಣ ವಿಪಿಎಸ್ ಅಥವಾ ಶೇರ್ಡ್ ಹೋಸ್ಟಿಂಗ್ ಸಾಕು. ಸರ್ವರ್ ಹತ್ತಿರ ಇರಬೇಕು ಅಂದ್ರೆ ಹೈದರಾಬಾದಿನಲ್ಲೇ ಅಮೆಜಾನ್ ಕ್ಲೌಡಿನ ರೀಜನ್ 2022ರ ನವೆಂಬರಿನಿಂದ ಇದೆ, ಮುಂಬೈಯದು ಅದಕ್ಕೂ ಹಳೇದು. ಇಲ್ಲ, ಮನೆಯಲ್ಲೇ ಒಂದು ರಾಸ್‌ಬೆರಿ ಪೈ ಇಟ್ಟು ಹೋಸ್ಟ್ ಮಾಡ್ಬೇಕು ಅನ್ನೋ ಆಸೆ ಇದ್ರೆ, ಬಹಳ ಒಳ್ಳೇದು, ನಾನೂ ಮಾಡಿದೀನಿ. ಆದ್ರೆ ಅದು ನಿಮ್ಮದೇ ಮನೆಯ ಕನೆಕ್ಷನ್. ಬ್ರಾಡ್‌ಬ್ಯಾಂಡ್ ಕಂಪನಿಯಿಂದ ಸ್ಟ್ಯಾಟಿಕ್ ಐಪಿ ತಗೊಳ್ಳಿ. ಅಥವಾ ಒಂದು ಚಿಕ್ಕ ವಿಪಿಎಸ್ ತಗೊಂಡು ಮನೆಗೂ ಅದಕ್ಕೂ ಮಧ್ಯೆ ವೈರ್‌ಗಾರ್ಡ್ ಟನಲ್ ಹಾಕಿ. ಅಥವಾ ಕ್ಲೌಡ್‌ಫ್ಲೇರ್ ಟನಲ್ ಬಳಸಿ. ಇಲ್ಲೂ ಮನೆಯ ಸಾಧನವೇ ಮೊದಲು ಹೊರಗೆ ಕರೆ ಮಾಡಿ ಲೈನ್ ತೆರೆದಿಡುತ್ತೆ. ತಂತ್ರ ಒಂದೇ, ಆದ್ರೆ ಆ ಲೈನ್ ತೆರೆದವರು ನೀವು, ಯಾಕೆ ಅಂತ ಗೊತ್ತಿರೋರೂ ನೀವು.

ಒಂದು ನ್ಯಾಯವಾದ ಅಗತ್ಯ ಉಳಿಯುತ್ತೆ. ಗ್ರಾಹಕರು ಫೋನ್ ಮಾಡಿ “ನಮ್ಮೂರಲ್ಲಿ ನಿಮ್ಮ ಸೈಟ್ ತೆರೀತಿಲ್ಲ” ಅಂತಾರೆ. ನಿಮಗೆ ಹೈದರಾಬಾದಿನಲ್ಲಿ ಚೆನ್ನಾಗಿ ತೆರೆಯುತ್ತೆ. ಅಲ್ಲಿಂದ ಹೇಗೆ ಕಾಣುತ್ತೆ ಅಂತ ನೋಡಬೇಕು. ಇದಕ್ಕೆ ರೈಪ್ ಅಟ್ಲಾಸ್ ಅನ್ನೋ ಜಾಲ 2010ರಿಂದ ಇದೆ. ಜಗತ್ತಿನಾದ್ಯಂತ ಸ್ವಯಂಸೇವಕರು ತಮ್ಮ ಮನೆ, ಆಫೀಸಿನಲ್ಲಿ ಒಂದು ಸಣ್ಣ ಅಳತೆಯ ಸಾಧನ ಇಟ್ಟುಕೊಂಡಿರ್ತಾರೆ. ಅದರಿಂದ ಪಿಂಗ್, ಟ್ರೇಸ್‌ರೂಟ್, ಡಿಎನ್‌ಎಸ್ ಇಂಥ ಅಳತೆಗಳನ್ನ ಮಾಡಬಹುದು. ಆದ್ರೆ ಯಾರೋ ಅದರ ಮೂಲಕ ಹೋಗಿ ಬ್ಯಾಂಕಿಗೆ ಲಾಗಿನ್ ಆಗೋಕೆ ಸಾಧ್ಯವಿಲ್ಲ. ಇಟ್ಟವರಿಗೆ ತಾವೇನು ಇಟ್ಟಿದೀವಿ ಅಂತ ಗೊತ್ತು. ಬೇರೆಯವರ ಮನೆಯಿಂದ ಇಣುಕಿ ನೋಡಬೇಕಾದಾಗ ಮರ್ಯಾದಸ್ಥರು ಹೀಗೆ ಕೇಳಿ ನೋಡ್ತಾರೆ.

ಡೊಮೇನ್ ವಿಷಯ

ಡೊಮೇನ್ ಅನ್ನೋದು ಬರೀ ವಿಳಾಸವಲ್ಲ, ವ್ಯಾಪಾರದ ಹೆಸರು. ಇದನ್ನ ಸುಪ್ರೀಂ ಕೋರ್ಟ್ 2004ರಲ್ಲೇ ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ಸೊಲ್ಯೂಷನ್ಸ್ ನಡುವಿನ ಪ್ರಕರಣದಲ್ಲಿ ಹೇಳಿದೆ. ಹೈದರಾಬಾದಿನ ಸತ್ಯಂ ಕಂಪನಿ ಹುಟ್ಟುಹಾಕಿದ್ದ ಸಂಸ್ಥೆಯ ಡೊಮೇನ್ ಜಗಳ, ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಿಂದ ಕರ್ನಾಟಕ ಹೈಕೋರ್ಟ್ ದಾಟಿ ದೆಹಲಿ ಮುಟ್ಟಿತ್ತು. ಟ್ರೇಡ್‌ಮಾರ್ಕಿಗೆ ಇರೋ ರಕ್ಷಣೆಯ ತತ್ವ ಡೊಮೇನ್ ಹೆಸರಿಗೂ ಅನ್ವಯಿಸುತ್ತೆ ಅಂತ ತೀರ್ಪಾಯ್ತು.

ಇಷ್ಟು ಬೆಲೆಯ ವಸ್ತುವನ್ನ ನೋಡ್ಕೊಳ್ಳೋಕೆ ಪ್ರಾಕ್ಸಿ ಬೇಕು ಅನ್ನೋರು ಸಾಮಾನ್ಯವಾಗಿ ಮೂರು ಕಾರಣ ಕೊಡ್ತಾರೆ.

ಮೊದಲನೇದು, ‘ಸಾವಿರಾರು ಡೊಮೇನ್‌ಗಳ ಹೂಈಸ್ ಮಾಹಿತಿ ಎಳೀಬೇಕು, ಒಂದೇ ಐಪಿಯಿಂದ ಹೋದ್ರೆ ಬ್ಲಾಕ್ ಮಾಡ್ತಾರೆ.’ ಡಾಟ್ ಕಾಮ್‌ನಂಥ ಸಾಮಾನ್ಯ ಡೊಮೇನ್‌ಗಳಿಗೆ 2025ರ ಜನವರಿ 28ರಿಂದ ಅಧಿಕೃತ ದಾರಿ ಆರ್‌ಡ್ಯಾಪ್. ಮಷೀನ್ ಓದೋಕೆ ಅಂತಲೇ ಮಾಡಿದ ಪದ್ಧತಿ. ಡೊಮೇನ್‌ಗಳ ಪೂರ್ತಿ ಪಟ್ಟಿಯೇ ಬೇಕು ಅಂದ್ರೆ ಐಕ್ಯಾನ್‌ನ ಸೆಂಟ್ರಲೈಸ್ಡ್ ಝೋನ್ ಡೇಟಾ ಸರ್ವಿಸ್‌ಗೆ ಅರ್ಜಿ ಹಾಕಿ, ದುಡ್ಡು ಕೊಡದೆ ಸಿಗುತ್ತೆ.

ಎರಡನೇದು, ‘ಅವಧಿ ಮುಗಿದ ಒಳ್ಳೆ ಡೊಮೇನ್ ಹಿಡೀಬೇಕು, ಬೇಗ ಬೇಗ ಹುಡುಕೋಕೆ ತುಂಬಾ ಐಪಿ ಬೇಕು.’ ಡೊಮೇನ್ ಬಿದ್ದ ಕ್ಷಣ ಹಿಡಿಯೋ ಪೈಪೋಟಿ ನಡೆಯೋದು ರಿಜಿಸ್ಟ್ರಾರ್ ಮತ್ತು ರಿಜಿಸ್ಟ್ರಿ ನಡುವಿನ ಮೀಸಲು ಲೈನಿನಲ್ಲಿ. ಯಾರದೋ ಮನೆಯ ವೈಫೈಗೆ ಅಲ್ಲಿ ಜಾಗವಿಲ್ಲ.

ಮೂರನೇದು, ‘ಒಂದೊಂದು ಗ್ರಾಹಕರಿಗೆ ಒಂದೊಂದು ಅಕೌಂಟು, ಎಲ್ಲ ಬೇರೆ ಬೇರೆ ಊರಿಂದ ಬಂದ ಹಾಗೆ ಕಾಣಬೇಕು.’ ಇದು ಅಪಾಯದ ಕೆಲಸ. ಬೆಳಗ್ಗೆ ಹೈದರಾಬಾದ್, ಹತ್ತು ನಿಮಿಷ ಬಿಟ್ಟು ಪಟ್ನಾ, ಆಮೇಲೆ ಮನಿಲಾ ಅಂತ ಲಾಗಿನ್ ಆದ್ರೆ ರಿಜಿಸ್ಟ್ರಾರಿನ ಕಣ್ಣಿಗೆ ಅದು ಕಳ್ಳತನದ ಲಕ್ಷಣ. ಅಕೌಂಟ್ ಲಾಕ್ ಆಗೋದು ಬಹುಶಃ ನವೀಕರಣದ ಕೊನೇ ದಿನವೇ. ಅದಲ್ಲದೆ, ತುಂಬಾ ಡೊಮೇನ್ ನೋಡ್ಕೊಳ್ಳೋರಿಗೆ ಅಂತ ಕೊಡೋ ಎಪಿಐಗಳಲ್ಲಿ ಹಲವು ಕೇಳೋದು ಇದರ ಉಲ್ಟಾ: ‘ನಿಮ್ಮ ಸ್ಥಿರ ಐಪಿ ಯಾವುದು ಹೇಳಿ, ಅದರಿಂದ ಬಂದ್ರೆ ಮಾತ್ರ ಒಳಗೆ ಬಿಡ್ತೀವಿ.’ ಬದಲಾಗೋ ವಿಳಾಸ ಅಲ್ಲಿ ಅನುಕೂಲ ಅಲ್ಲ, ಅನರ್ಹತೆ. ಡಾಟ್ ಇನ್ ಡೊಮೇನ್ ನೋಡ್ಕೊಳ್ಳೋ ನಿಕ್ಸಿ ಸಂಸ್ಥೆಯಂತೂ ಮಾಲೀಕರ ಹೆಸರು ಮುಚ್ಚಿಡೋ ಪ್ರಾಕ್ಸಿ ನೋಂದಣಿಗೇ ಅವಕಾಶ ಕೊಡಲ್ಲ. ನಿಜವಾದ ಹೆಸರು, ನಿಜವಾದ ವಿಳಾಸ ಕೊಡಬೇಕು.

ಗಾಳಿ ಯಾವ ಕಡೆ ಬೀಸ್ತಿದೆ ಅಂತ ನೋಡೋಕೆ ದೂರ ಹೋಗಬೇಕಿಲ್ಲ, ನಮ್ಮ ಮಾಸಬ್ ಟ್ಯಾಂಕ್ ಕಡೆ ನೋಡಿದ್ರೆ ಸಾಕು. ರಿಸರ್ವ್ ಬ್ಯಾಂಕ್ 1996ರಲ್ಲಿ ಸ್ಥಾಪಿಸಿದ ಐಡಿಆರ್‌ಬಿಟಿ ಅಲ್ಲಿದೆ. 2025ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಭಾರತದ ಬ್ಯಾಂಕುಗಳಿಗೇ ಮೀಸಲಾದ ‘ಬ್ಯಾಂಕ್ ಡಾಟ್ ಇನ್’ ಘೋಷಿಸಿತು. ಏಪ್ರಿಲ್ 22ರ ಸುತ್ತೋಲೆಯಲ್ಲಿ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬದಲಾಗಬೇಕು ಅಂತ ಹೇಳಿತು. ಆ ಹೆಸರು ಕೊಡೋ ಏಕೈಕ ರಿಜಿಸ್ಟ್ರಾರ್ ಹೈದರಾಬಾದಿನ ಈ ಸಂಸ್ಥೆ. ನಿಮ್ಮ ಊರಿನ ಸಹಕಾರಿ ಬ್ಯಾಂಕೂ ಇಲ್ಲಿಗೇ ಬರಬೇಕು. ಅಲ್ಲಿ ಕೇಳೋದು ‘ನೀವು ಎಲ್ಲಿಂದ ಬಂದಿರಿ’ ಅಂತ ಅಲ್ಲ, ‘ನೀವು ಯಾರು, ಸಾಬೀತು ಮಾಡಿ’ ಅಂತ. ಡೊಮೇನ್ ಲೋಕದಲ್ಲಿ ನಂಬಿಕೆ ನಿಧಾನವಾಗಿ ಆ ಕಡೆ ಸರೀತಿದೆ. ಅಂಥ ಹೊತ್ತಿನಲ್ಲಿ ಬಾಡಿಗೆ ವಿಳಾಸಕ್ಕೆ ದುಡ್ಡು ಹಾಕೋದು ಹಳೇ ನೋಟು ಕೂಡಿಟ್ಟ ಹಾಗೆ.

ಆ ಮನೆ ಯಾರದು?

ಇಲ್ಲಿವರೆಗೆ ಹೇಳಿದ್ದು ಲಾಭ ನಷ್ಟದ ಮಾತು. ಇನ್ನು ಮುಂದಿನದಕ್ಕೇ ನಾನು ಇವತ್ತು ಕೂತಿರೋದು. ಇಷ್ಟೊಂದು ಮನೆ ವಿಳಾಸಗಳು ಮಾರಾಟಕ್ಕೆ ಎಲ್ಲಿಂದ ಬರ್ತವೆ?

ಕೆಲವು ನೇರವಾಗಿ ಇಂಟರ್ನೆಟ್ ಕಂಪನಿಗಳಿಂದ ಗುತ್ತಿಗೆಗೆ ತಗೊಂಡವು. ಕೆಲವು ‘ನಿಮ್ಮ ಬಳಸದ ಬ್ಯಾಂಡ್‌ವಿಡ್ತ್ ಹಂಚಿಕೊಳ್ಳಿ, ದುಡ್ಡು ಗಳಿಸಿ’ ಅನ್ನೋ ಆ್ಯಪ್‌ಗಳಿಂದ. ಕೆಲವು ಉಚಿತ ವಿಪಿಎನ್, ಉಚಿತ ಗೇಮ್ ಒಳಗೆ ಸೇರಿಸಿದ ಸಾಫ್ಟ್‌ವೇರ್ ತುಣುಕಿನಿಂದ. ಇನ್ನು ಕೆಲವು ಶುದ್ಧ ಕಳ್ಳತನದಿಂದ.

2015ರಲ್ಲಿ ಹೋಲಾ ಅನ್ನೋ ಉಚಿತ ವಿಪಿಎನ್ ಬಗ್ಗೆ ದೊಡ್ಡ ಗಲಾಟೆ ಆಯ್ತು. ಅದನ್ನ ಬಿಟ್ಟಿ ಬಳಸೋರ ಕನೆಕ್ಷನ್ನನ್ನೇ ಲುಮಿನಾಟಿ ಅನ್ನೋ ಹೆಸರಲ್ಲಿ ಬೇರೆಯವರಿಗೆ ಮಾರ್ತಿದಾರೆ ಅಂತ ಬಹುತೇಕ ಬಳಕೆದಾರರಿಗೆ ತಿಳಿದಿದ್ದೇ ಆಗ. ಆದ್ರೆ ಇದಕ್ಕಿಂತ ಬಹಳ ದೊಡ್ಡದು 911 ಎಸ್5. ಮಾಸ್ಕ್ ವಿಪಿಎನ್, ಡ್ಯೂ ವಿಪಿಎನ್, ಶೈನ್ ವಿಪಿಎನ್ ಇಂಥ ಹೆಸರಿನ ಉಚಿತ ವಿಪಿಎನ್‌ಗಳ ಮೂಲಕ ಜನರ ಕಂಪ್ಯೂಟರಿಗೆ ಹಿಂಬಾಗಿಲು ಹಾಕಿದ್ರು. 2024ರ ಮೇ ತಿಂಗಳಲ್ಲಿ ಅಮೆರಿಕದ ನ್ಯಾಯ ಇಲಾಖೆ ಇದನ್ನ ಮುಚ್ಚಿಸಿತು. ನಡೆಸ್ತಿದ್ದವನನ್ನ ಸಿಂಗಾಪುರದಲ್ಲಿ ಬಂಧಿಸಿದ್ರು. ಅವರ ಲೆಕ್ಕದ ಪ್ರಕಾರ ಈ ಜಾಲಕ್ಕೆ ಸಿಕ್ಕ ಐಪಿ ವಿಳಾಸಗಳು 1.9 ಕೋಟಿಗೂ ಹೆಚ್ಚು, ಅದರಲ್ಲಿ ಅಮೆರಿಕದವು 6,13,841 ಮಾತ್ರ. ಉಳಿದವು ಸುಮಾರು 200 ದೇಶಗಳ ಮನೆಗಳು. ಕೋವಿಡ್ ಕಾಲದ ನಿರುದ್ಯೋಗ ಪರಿಹಾರಕ್ಕೆ ಈ ವಿಳಾಸಗಳಿಂದ ಬಂದ ಸುಳ್ಳು ಅರ್ಜಿಗಳು 5,60,000, ನಷ್ಟ 590 ಕೋಟಿ ಡಾಲರಿಗೂ ಮೇಲೆ.

ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅಂತಾರಲ್ಲ. ಆ ಮೇಕೆ ಯಾರು ಅಂತ ಯೋಚಿಸಿ. ಉಚಿತ ವಿಪಿಎನ್ ಹಾಕ್ಕೊಂಡ ಯಾವುದೋ ಕಾಲೇಜು ಹುಡುಗ, ಯಾವುದೋ ರಿಟೈರ್ಡ್ ಮೇಷ್ಟ್ರು.

ಈಗ ಕಾಟ ಟಿವಿ ಬಾಕ್ಸಿನದು. 2025ರ ಜೂನಿನಲ್ಲಿ ಎಫ್‌ಬಿಐ ಬ್ಯಾಡ್‌ಬಾಕ್ಸ್ 2.0 ಬಗ್ಗೆ ಎಚ್ಚರಿಕೆ ಕೊಟ್ಟಿತು. ಜುಲೈನಲ್ಲಿ ಗೂಗಲ್ ಇದರ ವಿರುದ್ಧ ನ್ಯೂಯಾರ್ಕಿನ ಕೋರ್ಟಿಗೆ ಹೋಯ್ತು. ಗೂಗಲ್ ಪ್ರಮಾಣೀಕರಿಸದ 1 ಕೋಟಿಗೂ ಹೆಚ್ಚು ಆಂಡ್ರಾಯ್ಡ್ ಸಾಧನಗಳು ಈ ಜಾಲದಲ್ಲಿದ್ದವು: ಅಗ್ಗದ ಟಿವಿ ಬಾಕ್ಸ್, ಪ್ರೊಜೆಕ್ಟರ್, ಕಾರಿಗೆ ಹಾಕಿಸೋ ಸ್ಕ್ರೀನ್, ಡಿಜಿಟಲ್ ಫೋಟೋ ಫ್ರೇಮ್. ಕೆಲವಕ್ಕೆ ಡಬ್ಬಿ ಬಿಚ್ಚೋ ಮುಂಚೆಯೇ ಮಾಲ್‌ವೇರ್ ಸೇರಿರ್ತಿತ್ತು. ಇವುಗಳ ಮುಖ್ಯ ಉಪಯೋಗಗಳಲ್ಲಿ ಒಂದು ರೆಸಿಡೆನ್ಶಿಯಲ್ ಪ್ರಾಕ್ಸಿ.

ನನ್ನ ಕಣ್ಣಾರೆ ಕಂಡ ಒಂದು ವಿಷಯ ಹೇಳ್ತೀನಿ. ದೀಪಾವಳಿಗೆ ಊರಿಗೆ ಹೋದಾಗ ಸಂಬಂಧಿಕರ ಮನೆಯಲ್ಲಿ “ಯಾಕೋ ನೆಟ್ ಭಾಳ ಸ್ಲೋ ಆಗ್ಯದ, ನೋಡಪ್ಪ” ಅಂದ್ರು. ರೂಟರಿನ ಪೇಜ್ ತೆಗೆದು ನೋಡ್ದೆ. ಟಿವಿ ಆಫ್ ಇತ್ತು, ಟಿವಿಗೆ ಹಾಕಿದ್ದ ಹೆಸರಿಲ್ಲದ ಬಾಕ್ಸ್ ಮಾತ್ರ ದುಡೀತಾನೇ ಇತ್ತು. ಸಿನಿಮಾ ನೋಡೋ ಸಾಧನದಲ್ಲಿ ಡೌನ್‌ಲೋಡ್ ಜಾಸ್ತಿ, ಅಪ್‌ಲೋಡ್ ಚೂರುಪಾರು ಇರಬೇಕು. ಇಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಪ್ರಾಕ್ಸಿಯ ಗುರುತು ಇದೇ, ನೆನಪಿಡಿ: ಅದು ದಲ್ಲಾಳಿ, ಒಳಗೆ ಬಂದಷ್ಟನ್ನೂ ಹೊರಗೆ ದಾಟಿಸಬೇಕು. ಬಾಕ್ಸಿನ ಪ್ಲಗ್ ಕಿತ್ತೆ, ಮೀಟರ್ ಮಲಗಿತು. ಆ ಮನೆಯ ಬ್ರಾಡ್‌ಬ್ಯಾಂಡ್ ಬಿಲ್ಲು ಎಪ್ಪತ್ತು ದಾಟಿದ ದೊಡ್ಡಪ್ಪನ ಹೆಸರಲ್ಲಿದೆ. ಮೂವತ್ತೈದು ವರ್ಷ ಸರ್ಕಾರಿ ನೌಕರಿ ಮಾಡಿ, ಪೊಲೀಸ್ ಸ್ಟೇಶನ್ ಮೆಟ್ಟಿಲು ಹತ್ತದೆ ರಿಟೈರ್ ಆದವರು.

ಯಾಕೆ ಹೇಳ್ತಿದೀನಿ ಅಂದ್ರೆ, ಯಾರೋ ಎಲ್ಲೋ ಕೂತು ಆ ಬಾಕ್ಸಿನ ಮೂಲಕ ಮೋಸ ಮಾಡಿದ್ರೆ ತನಿಖೆ ಮಾಡೋರ ಕೈಗೆ ಮೊದಲು ಸಿಗೋದು ಐಪಿ ವಿಳಾಸ, ಪೋರ್ಟ್ ನಂಬರ್, ಸಮಯ. ಅದನ್ನ ಇಂಟರ್ನೆಟ್ ಕಂಪನಿಗೆ ಕೊಟ್ರೆ ಬರೋ ಉತ್ತರ ಒಂದೇ, ಬಿಲ್ಲು ಯಾರ ಹೆಸರಲ್ಲಿದೆಯೋ ಅವರು. ‘ನಾನಲ್ಲ, ನಮ್ಮ ಟಿವಿ ಡಬ್ಬಿ’ ಅಂತ ಎಪ್ಪತ್ತರ ವಯಸ್ಸಿನವರು ಯಾವ ಭಾಷೆಯಲ್ಲಿ ವಿವರಿಸಬೇಕು? 2022ರ ಏಪ್ರಿಲ್ 28ರ ಸರ್ಟ್-ಇನ್ ಆದೇಶದ ಪ್ರಕಾರ ಡೇಟಾ ಸೆಂಟರ್, ವಿಪಿಎಸ್, ಕ್ಲೌಡ್ ಮತ್ತು ವಿಪಿಎನ್ ಸೇವೆಯವರು ಗ್ರಾಹಕರ ವಿವರವನ್ನ 5 ವರ್ಷ ಇಟ್ಟುಕೊಳ್ಳಬೇಕು. ಲಾಗ್‌ಗಳನ್ನ 180 ದಿನ ಇಡಬೇಕು. ಸುರಕ್ಷತೆಯ ಘಟನೆಗಳನ್ನ 6 ಗಂಟೆಯೊಳಗೆ ತಿಳಿಸಬೇಕು. ನೀವು ವಿಪಿಎಸ್ ತಗೊಂಡ್ರೆ ನಿಮ್ಮ ಹೆಸರು ದಾಖಲೆಯಲ್ಲಿ ಇರುತ್ತೆ, ಜವಾಬ್ದಾರಿಯೂ ನಿಮ್ಮದೇ. ಮನೆ ಪ್ರಾಕ್ಸಿಯಲ್ಲಿ ಕೆಲಸ ಒಬ್ಬನದು, ದಾಖಲೆಯಲ್ಲಿ ಹೆಸರು ಇನ್ನೊಬ್ಬರದು. ಇನ್ನು ಮಾಲೀಕರ ಅನುಮತಿ ಇಲ್ಲದೆ ಅವರ ಕಂಪ್ಯೂಟರ್ ಬಳಸೋದು ನಮ್ಮ ಐಟಿ ಕಾಯ್ದೆಯ 43ನೇ ಕಲಮಿಗೆ ಬರುತ್ತೆ. ದುರುದ್ದೇಶ ಇದ್ರೆ 66ನೇ ಕಲಮಿನಲ್ಲಿ 3 ವರ್ಷದವರೆಗೆ ಜೈಲು.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ಎಲ್ಲ ಪ್ರಾಕ್ಸಿ ಕಂಪನಿಗಳೂ ಕಳ್ಳರಲ್ಲ. ಜಾಹೀರಾತು ಸರಿಯಾಗಿ ಕಾಣ್ತಿದೆಯಾ ಅಂತ ಪರೀಕ್ಷೆ ಮಾಡೋರು, ನಕಲಿ ಬ್ಯಾಂಕ್ ಸೈಟುಗಳನ್ನ ಪತ್ತೆ ಹಚ್ಚೋರು ಇದನ್ನ ಬಳಸ್ತಾರೆ. ಗ್ರಾಹಕರ ಗುರುತು ಪರಿಶೀಲಿಸಿ ಕೊಡೋ ಕಂಪನಿಗಳೂ ಇವೆ. ಆದ್ರೆ ಒಪ್ಪಿಗೆ ಅಂದ್ರೆ ಏನು ಅನ್ನೋದು ಪ್ರಶ್ನೆ. ಆ್ಯಪಿನಲ್ಲಿ ‘ಐ ಅಗ್ರೀ’ ಒತ್ತಿದ್ದು ಮೊಮ್ಮಗ, ಬಿಲ್ಲು ತಾತನ ಹೆಸರಲ್ಲಿ. ಪಿಜಿಯಲ್ಲಿ ಆ್ಯಪ್ ಹಾಕ್ಕೊಂಡಿದ್ದು ಒಬ್ಬ, ವೈಫೈ ಓನರ್ ಆಂಟಿಯದು. ಮನೆ ಕನೆಕ್ಷನ್ನನ್ನ ಬೇರೆಯವರಿಗೆ ಮಾರಬಾರದು ಅಂತ ಬ್ರಾಡ್‌ಬ್ಯಾಂಡ್ ಕಂಪನಿಗಳ ಷರತ್ತಿನಲ್ಲಿ ಸಾಮಾನ್ಯವಾಗಿ ಬರೆದೇ ಇರುತ್ತೆ. ತಿಂಗಳಿಗೆ ನೂರಿನ್ನೂರು ರೂಪಾಯಿಗೋಸ್ಕರ ಅದನ್ನ ಹಾಕ್ಕೊಳ್ಳೋದು ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡ ಹಾಗೆ.

ಈ ವಾರ ಮಾಡಬೇಕಾದ ಕೆಲಸ

ಡೊಮೇನ್ ಇರೋರಿಗೆ ಮೊದಲು. ನೋಂದಣಿ ಯಾರ ಹೆಸರಲ್ಲಿದೆ ನೋಡಿ. ಅಂಗಡಿಯವರ ಡೊಮೇನ್ ಅಂಗಡಿಯವರ ಹೆಸರಲ್ಲೇ ಇರಬೇಕು, ಸೈಟ್ ಮಾಡಿಕೊಟ್ಟ ಹುಡುಗನ ಹೆಸರಲ್ಲಿ ಅಲ್ಲ. ರಿಜಿಸ್ಟ್ರಾರ್ ಅಕೌಂಟಿನ ಇಮೇಲ್ ಅದೇ ಡೊಮೇನಿನದ್ದಾಗಿರಬಾರದು. ಡೊಮೇನ್ ಹೋದ್ರೆ ಇಮೇಲೂ ಹೋಗುತ್ತೆ, ವಾಪಸ್ ಪಡೆಯೋ ದಾರಿಯೂ ಮುಚ್ಚುತ್ತೆ. ಎರಡು ಹಂತದ ಲಾಗಿನ್ ಹಾಕಿ. ಟ್ರಾನ್ಸ್‌ಫರ್ ಲಾಕ್ ಆನ್ ಇರಲಿ, ಆಥ್ ಕೋಡ್ ಯಾರಿಗೂ ವಾಟ್ಸ್ಆ್ಯಪ್ ಮಾಡಬೇಡಿ. ಆಟೋ ರಿನ್ಯೂ ಹಾಕಿ, ಕಾರ್ಡಿನ ಅವಧಿ ಮುಗಿದಿಲ್ಲ ತಾನೇ ನೋಡಿ. ಡಾಟ್ ಕಾಮ್‌ನಂಥವಕ್ಕೆ ಅವಧಿ ಮುಗಿದ ಮೇಲೆ 45 ದಿನದವರೆಗೆ ಗ್ರೇಸ್, ಆಮೇಲೆ 30 ದಿನ ದುಬಾರಿ ದಂಡದ ಅವಧಿ, ಕೊನೆಗೆ 5 ದಿನ. ಅಷ್ಟಾದ ಮೇಲೆ ಯಾರು ಬೇಕಾದ್ರೂ ತಗೋಬಹುದು. ಗ್ರೇಸ್ ರಿಜಿಸ್ಟ್ರಾರಿಂದ ರಿಜಿಸ್ಟ್ರಾರಿಗೆ ಕಡಿಮೆಯಾಗಬಹುದು, ಅದಕ್ಕೆ ನಂಬಿಕೊಂಡು ಕೂರಬೇಡಿ. ನಲವತ್ತು ಡೊಮೇನ್ ನೋಡ್ಕೊಳ್ಳೋರು ಒಂದು ರೀಸೆಲ್ಲರ್ ಅಕೌಂಟ್ ತೆಗೆದು, ಒಂದು ಸ್ಥಿರ ಐಪಿಯ ವಿಪಿಎಸ್‌ನಿಂದ ಎಪಿಐ ಬಳಸಿ. ಪ್ರಾಕ್ಸಿಗೆ ಸುರಿಯೋ ದುಡ್ಡಿನಲ್ಲಿ ಅದು ಸಲೀಸಾಗಿ ಆಗುತ್ತೆ.

ಈಗ ಊರಿನ ಮನೆ. ಮುಂದಿನ ಸಲ ಹೋದಾಗ, ಇಲ್ಲ ಈ ಭಾನುವಾರವೇ ವಿಡಿಯೋ ಕಾಲಿನಲ್ಲಿ, ಅಪ್ಪನ ಹತ್ರ ರೂಟರ್ ಪೇಜ್ ತೆಗೆಸಿ. ಯಾವ್ಯಾವ ಸಾಧನ ಕನೆಕ್ಟ್ ಆಗಿವೆ ಪಟ್ಟಿ ಮಾಡಿ. ಯಾರಿಗೂ ಗುರುತು ಸಿಗದ್ದು ಇದ್ರೆ ತೆಗೆದುಹಾಕಿ, ವೈಫೈ ಪಾಸ್‌ವರ್ಡ್ ಬದಲಿಸಿ. ಟಿವಿ ಬಾಕ್ಸ್ ಆಂಡ್ರಾಯ್ಡ್‌ದಾಗಿದ್ರೆ, ಪ್ಲೇ ಸ್ಟೋರ್ ಸೆಟ್ಟಿಂಗಿನಲ್ಲಿ ಪ್ಲೇ ಪ್ರೊಟೆಕ್ಟ್ ಪ್ರಮಾಣೀಕರಣ ಇದೆಯಾ ನೋಡಿ. ಇಲ್ಲದಿದ್ರೆ, ‘ಎಲ್ಲ ಚಾನೆಲ್ ಬಿಟ್ಟಿ’ ಅಂತ ಬಂದ ಬಾಕ್ಸಾಗಿದ್ರೆ, ಮುಲಾಜಿಲ್ಲದೆ ಪ್ಲಗ್ ಕೀಳಿ. ಫೋನುಗಳಲ್ಲಿರೋ ಉಚಿತ ವಿಪಿಎನ್, ಬ್ಯಾಂಡ್‌ವಿಡ್ತ್ ಮಾರೋ ಆ್ಯಪ್ ಅಳಿಸಿ. ರೂಟರಿನ ಅಡ್ಮಿನ್ ಪಾಸ್‌ವರ್ಡ್ ‘ಅಡ್ಮಿನ್’ ಅಂತಲೇ ಇದ್ರೆ ಇವತ್ತೇ ಬದಲಿಸಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಯಾವುದಾದ್ರೂ ಹಣದ ಮೋಸ ಕಂಡುಬಂದ್ರೆ 1930ಕ್ಕೆ ಕರೆ ಮಾಡಬೇಕು ಅನ್ನೋದನ್ನ ಮನೆಯ ಗೋಡೆಗೆ ಬರೆದು ಅಂಟಿಸಿ.

ಊರು ಬಿಟ್ಟು ಬಂದ ನಾವೆಲ್ಲ ಅಪ್ಪ ಅಮ್ಮನಿಗೆ ದೂರದಿಂದ ಟಿವಿ, ಕ್ಯಾಮೆರಾ, ವೈಫೈ ಹಾಕಿಸಿಕೊಟ್ಟಿದೀವಿ. ಹಾಕಿಸಿದವರಿಗೇ ನೋಡ್ಕೊಳ್ಳೋ ಹೊಣೆಯೂ ಇದೆ. ಯಾರಾದ್ರೂ ‘ಅಗ್ಗಕ್ಕೆ ಮನೆ ಐಪಿ ಸಿಗುತ್ತೆ’ ಅಂದ್ರೆ ‘ಯಾರ ಮನೆಯದು?’ ಅಂತ ಒಂದು ಮಾತು ಕೇಳಿ. ಉತ್ತರ ಹೇಳದೋರ ಹತ್ರ ವ್ಯಾಪಾರ ಬೇಡ.

ಪ್ರಶ್ನೆಗಳಿದ್ರೆ ಬರೀರಿ, ಮುಂದಿನ ಮಾತಿನಲ್ಲಿ ಮನೆಯಲ್ಲೇ ವೈರ್‌ಗಾರ್ಡ್ ಟನಲ್ ಹಾಕೋದು ಹೇಗೆ ಅಂತ ಒಂದೊಂದೇ ಹೆಜ್ಜೆ ತೋರಿಸ್ತೀನಿ.